ಹಳತರ ನಡುವೆ ಒಂದು ಹೊಸತು

"ಮುನ್ನೂರ ಹನ್ನೆರಡು," ಎಂದು ಅನೀಸ್ ಜರ್ರಾಯ ವರದಿಯನ್ನು ಮೇಜಿನ ಮೇಲೆ ಎಸೆದ. "ಈ ಯಂತ್ರದಲ್ಲಿ ಮುನ್ನೂರ ಹನ್ನೆರಡು ತಂತ್ರಾಂಶ ಇದೆ ಮದಾಮ್. ಎಲ್ಲಾ ಮೂರು ವರ್ಷ, ನಾಲ್ಕು ವರ್ಷ ಹಳೇವು. ಮ್ಯೂಸಿಯಂ ನೋಡ್ಬೇಕಂದ್ರೆ ಟಿಕೆಟ್ ಕೊಡ್ಬೇಕು. ಇಲ್ಲಿ ಪುಕ್ಕಟೆ."

ಇನ್‌ಸ್ಪೆಕ್ಟರ್ ಹಯೆತ್ ಎಲ್ಲೂಜ್ ನಗಲಿಲ್ಲ. ವರದಿಯನ್ನು ಮುಟ್ಟಲೂ ಇಲ್ಲ. ಅವಳ ಕಣ್ಣು ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ ಶಾದ್ಲಿ ಫಖ್ಫಾಖ್‌ನ ಕೈಗಳ ಮೇಲಿತ್ತು. ಐವತ್ತೆಂಟರ ಆ ಮನುಷ್ಯ ತನ್ನನ್ನು ಬೈಯುತ್ತಿರುವಾಗಲೂ ಕೀಲಿಮಣೆಯ ಧೂಳನ್ನು ಕುಂಚದಿಂದ ಒರೆಸುತ್ತಿದ್ದ. ಕೈ ನಡುಗುತ್ತಿರಲಿಲ್ಲ. ಅದೇ ಅವಳಿಗೆ ಹಿಡಿಸದ ಸಂಗತಿ.

ಒಂಬತ್ತು ದಿನದ ಹಿಂದೆ ಸ್ಫಾಕ್ಸ್ ಬಂದರಿನಿಂದ ಕರ್ಕೆನ್ನಾ ದ್ವೀಪಕ್ಕೆ ಹೊರಟ 'ನೌರಸ್' ದೋಣಿ ಕಾಲುವೆಯ ಬಾಯಲ್ಲಿ ಮರಳ ದಿಬ್ಬಕ್ಕೆ ಬಡಿದು ಮಗುಚಿ, ಒಬ್ಬ ಸೂಲಗಿತ್ತಿ ಮತ್ತು ಒಬ್ಬ ಮೀನುಗಾರ ಸತ್ತಿದ್ದರು. ನೀರಿನ ಆಳ ತೋರಿಸುವ ಫಲಕದಲ್ಲಿ ಇದ್ದದ್ದಕ್ಕಿಂತ ನಲವತ್ತು ಸೆಂಟಿಮೀಟರ್ ಹೆಚ್ಚು ಕಾಣಿಸಿತ್ತು. ಆ ಫಲಕಕ್ಕೆ ಅಂಕಿ ಕಳಿಸುವ ಕಾಲುವೆ ಕಚೇರಿಯ ಯಂತ್ರವನ್ನು ಹನ್ನೆರಡು ವರ್ಷದಿಂದ ನೋಡಿಕೊಳ್ಳುತ್ತಿದ್ದವನು ಈ ಶಾದ್ಲಿ.

ಕಚೇರಿಯ ನಿರ್ದೇಶಕ ರಾಜಧಾನಿಯಿಂದ ಜರ್ರಾಯನನ್ನು ತಜ್ಞನೆಂದು ಕರೆಸಿದ್ದ. ತಜ್ಞ ಎರಡೇ ದಿನದಲ್ಲಿ ವರದಿ ಕೊಟ್ಟಿದ್ದ. ತಂತ್ರಾಂಶ ಹಳತು, ನಲವತ್ತೊಂದು ಕಡೆ ಜಗತ್ತಿಗೆಲ್ಲ ಗೊತ್ತಿರುವ, ಕಳ್ಳರು ನುಸುಳಬಹುದಾದ ತೂತು, ಹೊಸದು ಹಾಕದೆ ಬಿಟ್ಟವನದೇ ತಪ್ಪು. ವರದಿ ಓದಿದ ನ್ಯಾಯಾಧೀಶರು ಬಂಧನದ ಕಾಗದಕ್ಕೆ ಸಹಿ ಮಾಡಿ ಹಯೆತ್‌ಳ ಕೈಗೆ ಕೊಟ್ಟಿದ್ದರು. ತಾರೀಖು ತುಂಬುವುದಷ್ಟೇ ಬಾಕಿ.

"ಸೀ ಶಾದ್ಲಿ," ಎಂದಳು ಹಯೆತ್, ಹಿರಿಯರನ್ನು ಮರ್ಯಾದೆಯಿಂದ ಕರೆಯುವ ಊರ ರೀತಿಯಲ್ಲಿ. "ಮೊದಲ ದಿನ ಕೇಳಿದಾಗ ನೀವು ಒಂದು ಮಾತು ಹೇಳಿದ್ರಿ. ಹಳೇದನ್ನ ಬೇಕಂತಲೇ ಇಟ್ಟಿದೀನಿ ಅಂತ. ಆ ಮಾತು ಕೋರ್ಟಿಗೆ ಹೋದ್ರೆ ಏನಾಗುತ್ತೆ ಗೊತ್ತಾ?"

"ಗೊತ್ತು."

"ಬದಲಾಯಿಸ್ತೀರಾ?"

"ಯಾಕೆ ಬದಲಾಯಿಸ್ಲಿ? ಬೇಕಂತಲೇ ಇಟ್ಟಿರೋದು." ಅವನು ಕುಂಚ ಕೆಳಗಿಟ್ಟ. "ನಾನೊಬ್ಬನೇ ಅಲ್ಲ. ಇದನ್ನ ಮಾಡಿ ಹಂಚೋರೂ ಬೇಕಂತಲೇ ಹಾಗಿಡ್ತಾರೆ."

ಹೇಗೆ ಎಂದು ಹೇಳಲು ಹಯೆತ್ ಸೂಚಿಸಿದಳು. ಅವಳಿಗೆ ತಿಳಿಯುವ ಆಸೆಗಿಂತ ಅವನನ್ನು ಮಾತಾಡಿಸುವ ಆಸೆ ಹೆಚ್ಚಿತ್ತು. ಹೆಚ್ಚು ಮಾತಾಡಿದವನು ಎಲ್ಲಾದರೂ ಜಾರುತ್ತಾನೆ.

ಶಾದ್ಲಿ ನಿಧಾನವಾಗಿ ಹೇಳಿದ. ಈ ಯಂತ್ರದಲ್ಲಿರುವುದು ಲಿನಕ್ಸ್‌ನ ಸ್ಥಿರ ಆವೃತ್ತಿ. ಅದನ್ನು ಕಟ್ಟುವವರು ಸಾವಿರಾರು ತಂತ್ರಾಂಶಗಳನ್ನು ಒಂದು ದಿನಕ್ಕೆ ನಿಲ್ಲಿಸಿ, ಇಲ್ಲಿಂದ ಮುಂದೆ ಹೊಸದು ಬೇಡ ಎಂದು ಬಾಗಿಲು ಹಾಕುತ್ತಾರೆ. ಒಳಗೆ ಉಳಿದವು ಒಂದಕ್ಕೊಂದು ಹೊಂದುತ್ತವೆಯೇ ಎಂದು ತಿಂಗಳುಗಟ್ಟಲೆ ಪರೀಕ್ಷೆ ಮಾಡುತ್ತಾರೆ. ಹೊಂದಿದ ಮೇಲೆ ಜನರ ಕೈಗೆ ಕೊಡುತ್ತಾರೆ. ಅಲ್ಲಿಂದ ವರ್ಷಗಟ್ಟಲೆ ಅವೇ ಇರುತ್ತವೆ. ಹೊರಗೆ ಹೊಸ ಹೊಸದು ಬರುತ್ತಲೇ ಇದ್ದರೂ ಒಳಗೆ ಬಿಡುವುದಿಲ್ಲ. ಹೊಸದರಲ್ಲಿ ಹೊಸ ಅನುಕೂಲ ಇರುತ್ತದೆ, ಹೊಸ ತಪ್ಪೂ ಇರುತ್ತದೆ. ಅನುಕೂಲ ಮೊದಲ ದಿನವೇ ಕಾಣುತ್ತದೆ. ತಪ್ಪು ಯಾವತ್ತು ಕಾಣುತ್ತದೆಂದು ಯಾರೂ ಹೇಳಲಾರರು.

"ತೂತು ಬಿದ್ರೆ?" ಎಂದಳು ಹಯೆತ್.

"ತೂತು ಮಾತ್ರ ಮುಚ್ತಾರೆ. ಹೊಸದರಲ್ಲಿ ಮಾಡಿರೋ ರಿಪೇರಿನ ಬಿಡಿಸಿ ತಂದು ಹಳೇದಕ್ಕೇ ಹೊಲೀತಾರೆ. ನಮ್ಮಪ್ಪಂಗೆ ದ್ವೀಪದಲ್ಲಿ ಒಂದು ಶರ್ಫಿಯಾ ಇತ್ತು ಮದಾಮ್. ಸಮುದ್ರದೊಳಗೆ ಈಚಲ ಗರಿಯ ಬೇಲಿ, ಮೀನು ಹಿಡಿಯೋಕೆ. ವರ್ಷಾ ವರ್ಷ ಕೊಳೆತ ಗರಿ ಕಿತ್ತು ಹಸಿ ಗರಿ ಕಟ್ತಿದ್ದ. ಬೇಲಿ ಜಾಗ ಮಾತ್ರ ಒಂದು ಗೇಣೂ ಸರಿಸ್ತಿರ್ಲಿಲ್ಲ. ಸರಿಸಿದ್ರೆ, ದಾರಿ ಗೊತ್ತು ಅಂತ ಕಣ್ಮುಚ್ಚಿ ಬರೋ ಪಕ್ಕದೋನ ದೋಣಿ ಅದಕ್ಕೇ ಬಂದು ಬಡಿಯುತ್ತೆ."

"ಕಂಪ್ಯೂಟರ್ ಬಗ್ಗೆ ಕೇಳಿದ್ರೆ ಮೀನಿನ ಕಥೆ," ಎಂದು ಜರ್ರಾಯ ಗಡಿಯಾರ ನೋಡಿಕೊಂಡ.

ಶಾದ್ಲಿ ಅವನತ್ತ ತಿರುಗಲಿಲ್ಲ. ಒಂಬತ್ತು ವರ್ಷದ ಹಿಂದೆ ತಾನೂ ಈ ಹುಡುಗನ ಹಾಗೇ ಇದ್ದೆನೆಂದ. ಆಗ ಅಂಕಿ ಓದುವ ಒಂದು ತಂತ್ರಾಂಶದ ಹೊಸ ಆವೃತ್ತಿಯನ್ನು ಉತ್ಸಾಹದಿಂದ ಹಾಕಿದ್ದ. ಈ ದೇಶದಲ್ಲಿ ದಶಮಾಂಶಕ್ಕೆ ಚುಕ್ಕಿ ಇಡುವುದಿಲ್ಲ, ಅಲ್ಪವಿರಾಮ ಇಡುತ್ತಾರೆ. ಹೊಸದಕ್ಕೆ ಆ ಅಲ್ಪವಿರಾಮ ತಿಳಿಯಲಿಲ್ಲ. ಅದರ ಮುಂದಿನದನ್ನೆಲ್ಲ ಬಿಟ್ಟುಬಿಟ್ಟಿತು. ಎರಡು ಮೀಟರ್ ಎಪ್ಪತ್ತು ಇದ್ದದ್ದು ಬರೀ ಎರಡು ಮೀಟರ್ ಆಯಿತು. ಅದೃಷ್ಟಕ್ಕೆ ನೀರು ಕಡಿಮೆ ಎಂದೇ ತೋರಿಸಿತು. ದೋಣಿಗಳು ಅರ್ಧ ದಿನ ದಡದಲ್ಲೇ ನಿಂತವು, ನಾವಿಕರು ಅವನ ತಾಯಿಯನ್ನೂ ಸೇರಿಸಿ ಬೈದರು, ಅಷ್ಟೇ. ಅಂದಿನಿಂದ ಅವನು ಹೊಸದನ್ನು ಹೊಸ್ತಿಲ ಒಳಗೆ ಬಿಟ್ಟಿಲ್ಲ.

ಕಥೆ ಚೆನ್ನಾಗಿತ್ತು. ಹಯೆತ್‌ಗೆ ಚೆನ್ನಾಗಿರುವ ಕಥೆಗಳ ಮೇಲೆ ನಂಬಿಕೆ ಇರಲಿಲ್ಲ. ವರದಿಯನ್ನು ಎತ್ತಿಕೊಂಡು ತೂತುಗಳ ಪಟ್ಟಿಯಲ್ಲಿ ಕಣ್ಣುಮುಚ್ಚಿ ಬೆರಳಿಟ್ಟಳು. ಹದಿನೇಳನೆಯದು.

"ಇದನ್ನ ಮುಚ್ಚಿದಾರೆ ಅಂತ ತೋರಿಸಿ."

ಶಾದ್ಲಿ ಎರಡು ಸಾಲು ಒತ್ತಿದ. ಪರದೆಯ ಮೇಲೆ ಆ ತಂತ್ರಾಂಶದ ದುರಸ್ತಿಯ ದಾಖಲೆ ತೆರೆಯಿತು. ವರದಿಯಲ್ಲಿದ್ದ ತೂತಿನ ಸಂಖ್ಯೆಯೇ ಅಲ್ಲೂ ಇತ್ತು. ಹದಿನಾಲ್ಕು ತಿಂಗಳ ಹಿಂದೆ ಮುಚ್ಚಿದ್ದರು. ತಂತ್ರಾಂಶದ ಆವೃತ್ತಿ ಸಂಖ್ಯೆಯಲ್ಲಿ ಮೊದಲಿನ ಅಂಕಿ ಬದಲಾಗಿರಲಿಲ್ಲ, ದುರಸ್ತಿ ಗುರುತಿಸುವ ಬಾಲ ಮಾತ್ರ ಒಂದಿಷ್ಟು ಬೆಳೆದಿತ್ತು.

ಅವಳು ಇನ್ನೊಂದು ಕೇಳಿದಳು. ಮತ್ತೊಂದು. ಜರ್ರಾಯ ಕುರ್ಚಿಯಲ್ಲಿ ಕದಲತೊಡಗಿದ. ಎದುರಿನ ಅಂಗಡಿಯಿಂದ ಎರಡು ಸಲ ಕಾಫಿ ಬಂತು. ನಲವತ್ತೊಂದರಲ್ಲಿ ಮೂವತ್ತೊಂಬತ್ತನ್ನು ಹೊಲಿದಾಗಿತ್ತು. ಉಳಿದೆರಡು ಈ ಯಂತ್ರದಲ್ಲಿ ಬಳಕೆಯಲ್ಲೇ ಇಲ್ಲದ ಭಾಗದಲ್ಲಿದ್ದವು.

"ನಮ್ಮ ಪರೀಕ್ಷೆ ತಂತ್ರಾಂಶ ಮೊದಲಿನ ಅಂಕಿ ಮಾತ್ರ ನೋಡುತ್ತೆ," ಎಂದ ಜರ್ರಾಯ. ದನಿ ಇಳಿದಿತ್ತು.

"ಅಂದ್ರೆ ಅಂಗಿ ಹಳೇದು ಅಂತ ನೋಡಿದ್ರಿ. ತೇಪೆ ಹಾಕಿದಾರೋ ಇಲ್ವೋ ನೋಡ್ಲಿಲ್ಲ."

"ನಿರ್ದೇಶಕರು ಎರಡು ದಿನ ಕೊಟ್ಟಿದ್ರು ಮದಾಮ್."

"ಒಬ್ಬನ್ನ ಜೈಲಿಗೆ ಹಾಕೋಕೆ ಎರಡು ದಿನ ಸಾಕಾ?"

ಅವನು ಎದ್ದು ಚೀಲ ಹೆಗಲಿಗೆ ಹಾಕಿಕೊಂಡ. ನಿರ್ದೇಶಕರ ಹತ್ತಿರವೇ ಮಾತಾಡುತ್ತೇನೆಂದು ಬಾಗಿಲ ಕಡೆ ನಡೆದ. ಹಯೆತ್ ಅವನನ್ನು ಹೊಸ್ತಿಲಲ್ಲಿ ನಿಲ್ಲಿಸಿದಳು. ವರದಿ ಕೈಗೆ ಬಂದ ದಿನವೇ ಅವಳನ್ನು ಕಾಡಿದ ಒಂದು ಸಣ್ಣ ಲೆಕ್ಕ ಉಳಿದಿತ್ತು.

"ಮುನ್ನೂರ ಹನ್ನೆರಡು ಅಂತೀರಿ. ನಿಮ್ಮ ಪಟ್ಟಿಯಲ್ಲಿ ಮುನ್ನೂರ ಹನ್ನೊಂದೇ ಇದೆ. ನಾನು ಎಣಿಸಿದೀನಿ."

ಜರ್ರಾಯ ಹುಬ್ಬೇರಿಸಿದ. ಇದನ್ನೂ ಎಣಿಸುವವರಿದ್ದಾರೆಂದು ಅವನು ಎಣಿಸಿರಲಿಲ್ಲ.

"ಒಂದನ್ನ ಬಿಟ್ಟೆ. ಪಟ್ಟಿ ಹಳೇವುಗಳದು. ಅದು ಹಳೇದಲ್ಲ. ನಿಜ ಹೇಳ್ಬೇಕಂದ್ರೆ ಇಡೀ ಯಂತ್ರದಲ್ಲಿ ಅದೊಂದೇ ಸರಿಯಾಗಿತ್ತು."

ಅವನು ಹೋದ.

ಮೂಲೆಯಲ್ಲಿ ಕುಂಚದ ಸದ್ದು ನಿಂತಿತ್ತು. ಹಯೆತ್ ತಿರುಗಿ ನೋಡಿದಳು. ಒಂಬತ್ತು ದಿನದಲ್ಲಿ ಮೊದಲ ಸಲ ಶಾದ್ಲಿಯ ಕೈಗಳು ಏನೂ ಮಾಡದೆ ಮಡಿಲಲ್ಲಿ ಬಿದ್ದಿದ್ದವು.

ಅವಳು ಎದ್ದು ಬಾಗಿಲು ಹಾಕಿದಳು. ಕುರ್ಚಿ ಎಳೆದು ಅವನೆದುರು ಕುಳಿತಳು.

"ಹೊಸದನ್ನ ಹೊಸ್ತಿಲ ಒಳಗೆ ಬಿಟ್ಟಿಲ್ಲ ಅಂದ್ರಿ. ಯಾವುದು ಅದು?"

ಅವನು ಪರದೆಯ ಕಡೆ ತಿರುಗಿ ಒಂದು ಸಾಲು ಒತ್ತಿದ. ಒಂದೇ ಹೆಸರು ಬಂತು. ಮಿಕ್ಯಾಸ್. ಸಮುದ್ರದಲ್ಲಿ ನೆಟ್ಟ ಅಳತೆ ಕಂಬದಿಂದ ಬರುವ ಅಂಕಿಯನ್ನು ಓದಿ ಫಲಕಕ್ಕೆ ದಾಟಿಸುವ ಪುಟ್ಟ ತಂತ್ರಾಂಶ. ಸ್ಥಿರ ಆವೃತ್ತಿಯ ಜೊತೆ ಬಂದ ಮಿಕ್ಯಾಸ್‌ನ ಸಂಖ್ಯೆ ಎರಡು ದಶಮಾಂಶ ಒಂದು. ಇಲ್ಲಿ ಇದ್ದದ್ದು ಎರಡು ದಶಮಾಂಶ ನಾಲ್ಕು. ಹಾಕಿದ ದಿನ, ಅಪಘಾತಕ್ಕೆ ಎರಡು ವಾರ ಮೊದಲಿನ ಮಂಗಳವಾರ. ಬೆಳಿಗ್ಗೆ ಹನ್ನೊಂದು ಇಪ್ಪತ್ತು. ಹಾಕಿದವರ ಹೆಸರಿನ ಜಾಗದಲ್ಲಿ ಶಾದ್ಲಿ ಫಖ್ಫಾಖ್.

"ನಿಮ್ಮ ಗುಪ್ತಪದ ಬೇರೆ ಯಾರಿಗಾದ್ರೂ ಗೊತ್ತಾ?"

"ಇಲ್ಲ. ನಾನೇ ಹಾಕಿದ್ದು."

"ಒಂಬತ್ತು ದಿನ ಹೇಳ್ಲಿಲ್ಲ."

"ಅದರಿಂದ ಆಗಿರ್ಲಾರದು ಅಂದ್ಕೊಂಡಿದ್ದೆ." ಅವನು ಕಣ್ಣು ಒರೆಸಿಕೊಂಡ. "ಅಂದ್ಕೊಳ್ಳೋಕೆ ಆಸೆ ಪಟ್ಟೆ ಅನ್ನಿ."

ಅವಳು ಪರೀಕ್ಷೆ ಮಾಡಿ ತೋರಿಸಲು ಹೇಳಿದಳು. ಗೋಡೆಯ ಪಕ್ಕ ಬಿಡಿ ಯಂತ್ರವೊಂದಿತ್ತು. ಶಾದ್ಲಿ ಅದರಲ್ಲಿ ಮೊದಲು ಹಳೆಯ ಮಿಕ್ಯಾಸ್ ಹಾಕಿ ಅಂಕಿ ಕೊಟ್ಟ. ಎರಡು ಮೀಟರ್ ಮೂವತ್ತು. ಎರಡು ಮೂವತ್ತೇ ಬಂತು. ಒಂದು ಅರವತ್ತೆರಡು ಕೊಟ್ಟರೆ ಒಂದು ಅರವತ್ತೆರಡು.

ನಂತರ ಹೊಸದು. ಎರಡು ಮೂವತ್ತಕ್ಕೆ ಎರಡು ಮೂವತ್ತು. ಒಂದು ತೊಂಬತ್ತೈದಕ್ಕೆ ಒಂದು ತೊಂಬತ್ತೈದು. ಅವನ ಮುಖಕ್ಕೆ ಸ್ವಲ್ಪ ಕಳೆ ಬಂತು. ನೋಡಿದಿರಾ ಎಂಬಂತೆ ಅವಳತ್ತ ತಿರುಗಿದ.

"ನೌರಸ್ ಮಗುಚಿದಾಗ ಕಂಬ ಹೇಳಿದ್ದು ಒಂದು ಅರವತ್ತೆರಡು," ಎಂದಳು ಹಯೆತ್. "ಅದನ್ನೇ ಕೊಡಿ."

ಅವನು ಕೊಟ್ಟ.

ಎರಡು ಮೀಟರ್ ಸೊನ್ನೆ ಎರಡು.

ಕಿಟಕಿಯಾಚೆ ಮೀನು ಮಾರುವವನ ಕೂಗು ಬಂದು ಹೋಯಿತು. ಶಾದ್ಲಿ ಮತ್ತೆ ಮತ್ತೆ ಬೇರೆ ಅಂಕಿ ಕೊಟ್ಟು ನೋಡಿದ. ಒಂದು ಎಂಬತ್ತಕ್ಕಿಂತ ಮೇಲಿದ್ದರೆ ಹೊಸ ಮಿಕ್ಯಾಸ್ ಸತ್ಯ ಹೇಳುತ್ತಿತ್ತು. ಕೆಳಗಿಳಿದರೆ ನಲವತ್ತು ಸೇರಿಸುತ್ತಿತ್ತು. ನೌರಸ್ ದಾಟಲು ಬೇಕಾದ ಆಳವೂ ಸರಿಯಾಗಿ ಒಂದು ಎಂಬತ್ತು.

ಇದು ಕೈತಪ್ಪಿ ಆದದ್ದಲ್ಲ. ಕಾಲುವೆಯನ್ನು ಬಲ್ಲವರು ಕೂತು ಬರೆದದ್ದು.

"ಎಲ್ಲಿಂದ ತಂದ್ರಿ?" ಎಂದಳು. "ಸ್ಥಿರ ಆವೃತ್ತಿಯವರು ಇದನ್ನ ಕೊಟ್ಟಿರೋಲ್ಲ."

"ಕೊಟ್ಟಿಲ್ಲ. ಅವರ ಉಗ್ರಾಣದಲ್ಲಿ ಇವತ್ತಿಗೂ ಎರಡು ದಶಮಾಂಶ ಒಂದೇ ಇದೆ. ನನ್ನ ಕೈಗೆ ಬೇರೆಯಾಗಿ ಬಂತು. ಇಲ್ಯಾಸ್ ಕಳಿಸಿದ."

ಇಲ್ಯಾಸ್ ಯಾರೆಂದು ಅವನಿಗೆ ತಿಳಿಯದು. ಮುಖ ನೋಡಿಲ್ಲ, ದನಿ ಕೇಳಿಲ್ಲ. ಮಿಕ್ಯಾಸ್ ಬರೆದ ಮೂಲ ಮನುಷ್ಯನಿಗೆ ವಯಸ್ಸಾಗಿ ಕೈ ಸೋತಾಗ, ನಾನು ನೆರವಾಗುತ್ತೇನೆ ಎಂದು ಎರಡು ವರ್ಷದ ಹಿಂದೆ ಮುಂದೆ ಬಂದವನು ಈ ಇಲ್ಯಾಸ್. ಸಣ್ಣ ಸಣ್ಣ ದುರಸ್ತಿ ಮಾಡುತ್ತಿದ್ದ, ಎಲ್ಲ ಅಚ್ಚುಕಟ್ಟು. ಮಿಕ್ಯಾಸ್ ಬಳಸುವ ನಾಲ್ಕೈದು ಬಂದರಿನವರಿಗೆ ಇಮೇಲಿನಲ್ಲಿ ಕಾಗದ ಬರೆಯುತ್ತಿದ್ದ. ಶಾದ್ಲಿಗೆ ವಾರಕ್ಕೊಂದು ಬರುತ್ತಿತ್ತು. ಅಪ್ಪಟ ಸ್ಫಾಕ್ಸ್ ಮಾತಿನಲ್ಲಿ, ಗಾದೆ ಸಮೇತ. ಮೂರು ವಾರದ ಹಿಂದೆ, ಒಂದು ದೊಡ್ಡ ತೂತು ಸಿಕ್ಕಿದೆ, ಉಗ್ರಾಣದವರು ಮುಚ್ಚುವವರೆಗೆ ಕಾಯಬೇಡ, ಇದನ್ನು ಇವತ್ತೇ ಹಾಕು ಎಂದು ಬರೆದಿದ್ದ.

"ಒಂಬತ್ತು ವರ್ಷದ ನಿಯಮ, ಮುಖ ನೋಡದವನ ಒಂದು ಮಾತಿಗೆ ಮುರಿದ್ರಿ." ಹಯೆತ್‌ಳ ದನಿಯಲ್ಲಿ ಅನುಮಾನ ಬಿಟ್ಟು ಬೇರೇನೂ ಇರಲಿಲ್ಲ. "ಇದನ್ನ ಯಾರು ನಂಬ್ತಾರೆ?"

"ಸಲ್ವ ಹೋದಾಗ ಮೊದಲು ಬರೆದೋನು ಅವನೇ ಮದಾಮ್."

ಸಲ್ವ ಅವನ ಹೆಂಡತಿ. ಹೋದ ವರ್ಷ ಮಾರ್ಚ್ ಹನ್ನೊಂದರಂದು ತೀರಿಕೊಂಡಳು. ಆ ಬೆಳಗಿನ ಜಾವ ಇಲ್ಲಿ ಡಿಸ್ಕ್ ಕೆಟ್ಟಿದೆ ಎಂದು ಅವನಿಗೆ ಕರೆ ಬಂದಿತ್ತು. ಆಸ್ಪತ್ರೆಯ ಹಾಸಿಗೆಯ ಪಕ್ಕ ಒಬ್ಬಳೇ ಮಗಳು ರೀಮ್‌ಳನ್ನು ಕೂರಿಸಿ ಅವನು ಕಚೇರಿಗೆ ಓಡಿಬಂದ. ಐದಕ್ಕೆ ಈ ಕುರ್ಚಿಯಲ್ಲಿ ಕುಳಿತವನು ಏಳುವಾಗ ಆರೂ ಮುಕ್ಕಾಲು. ಸಲ್ವ ಐದೂವರೆಗೆ ಹೋಗಿದ್ದಳು. ರೀಮ್ ಅವನಿಗೆ ತಿಳಿಸಿದ್ದು ಆರೂ ಮುಕ್ಕಾಲಿಗೆ.

"ಯಾಕೆ ಅಷ್ಟು ತಡ?"

"ನಾನೂ ಕೇಳಿದೆ. ಬೇಗ ಹೇಳಿದ್ರೆ ಎದ್ದು ಬರ್ತಿದ್ದೆಯಾ ಅಪ್ಪ ಅಂದ್ಲು." ಅವನು ಅದನ್ನು ಹವಾಮಾನದ ಸುದ್ದಿಯಂತೆ ಹೇಳಿದ. "ಆಮೇಲೆ ನನ್ನ ಹತ್ರ ಜಾಸ್ತಿ ಮಾತಾಡಿಲ್ಲ. ಇಲ್ಯಾಸ್ ಮಾತಾಡ್ತಿದ್ದ. ಊಟ ಮಾಡಿದೆಯಾ ಅಂತ ಕೇಳ್ತಿದ್ದ. ಅಂಥವನು ಇದನ್ನ ಹಾಕು ಅಂದ್ರೆ..."

ಹಯೆತ್ ಎಲ್ಲ ಕಾಗದಗಳನ್ನೂ ಮುದ್ರಿಸಿ ಕೊಡಲು ಹೇಳಿದಳು. ನೂರಕ್ಕೂ ಹೆಚ್ಚು ಹಾಳೆ ಬಂತು. ಟ್ಯೂನಾ ಮೀನು, ಹರೀಸಾ ಎಂಬ ಖಾರದ ಚಟ್ನಿ ತುಂಬಿದ ರೊಟ್ಟಿಯನ್ನು ಒಂದು ಕೈಯಲ್ಲಿ ಹಿಡಿದು ತಾರೀಖಿನ ಪ್ರಕಾರ ಓದುತ್ತ ಹೋದಳು. ಇಲ್ಯಾಸ್ ಜಾಣ. ಎಲ್ಲೂ ಅವಸರ ಪಡುತ್ತಿರಲಿಲ್ಲ. ಮೊದಲ ಆರು ತಿಂಗಳು ಬರೀ ತಂತ್ರಾಂಶದ ಮಾತು. ಆಮೇಲೆ ಮೆಲ್ಲಗೆ ಆರೋಗ್ಯದ ಮಾತು. ಶಾದ್ಲಿಯ ಮೊಣಕಾಲು ನೋವು, ಅವನಿಗೆ ಇಷ್ಟವಾದ ಆಕ್ಟೋಪಸ್ ಸಾರು. ಕೇಳದೆಯೇ ಎಷ್ಟೋ ಸಂಗತಿ ಇವನಿಗೆ ಗೊತ್ತಿತ್ತು ಎಂದು ಅವಳಿಗೆ ಅನಿಸಿತು. ಆದರೆ ಅನಿಸಿಕೆಯನ್ನು ಕೋರ್ಟಿಗೆ ಒಯ್ಯಲಾಗದು.

ಮಾರ್ಚ್ ಹನ್ನೊಂದರ ಕಾಗದ ಸಿಕ್ಕಿತು. ನಾಲ್ಕೇ ಸಾಲು. ದೇವರು ಅವಳಿಗೆ ನೆಮ್ಮದಿ ಕೊಡಲಿ, ನಿನಗೆ ಸಹನೆ ಕೊಡಲಿ. ಹತ್ತಿರ ಇರಲಾಗಲಿಲ್ಲವೆಂದು ನಿನ್ನನ್ನು ನೀನು ಬೈದುಕೊಳ್ಳಬೇಡ.

ರೊಟ್ಟಿಯನ್ನು ಕೆಳಗಿಟ್ಟು ಅವಳು ಹಾಳೆಯ ನೆತ್ತಿಯನ್ನು ಎರಡನೆಯ ಸಲ ಓದಿದಳು.

"ಸೀ ಶಾದ್ಲಿ, ಕಾಗದ ಬಂದ ಹೊತ್ತು ಅಂತ ಇಲ್ಲಿರೋದು ಯಾರ ಗಡಿಯಾರ?"

"ನಮ್ಮದೇ. ಈ ಕಚೇರಿಯದು. ಒಂದು ಸೆಕೆಂಡೂ ಹೆಚ್ಚುಕಮ್ಮಿ ಆಗಲ್ಲ."

"ಈ ಕಾಗದ ನೀವು ಯಾವಾಗ ಓದಿದ್ರಿ?"

"ಮಣ್ಣು ಮಾಡಿ ಮೂರನೇ ದಿನ. ಯಾಕೆ?"

ಅವಳು ಹಾಳೆಯನ್ನು ಅವನತ್ತ ತಿರುಗಿಸಿ, ಹೊತ್ತು ಬರೆದಿದ್ದ ಜಾಗದ ಕೆಳಗೆ ಬೆರಳಿಟ್ಟಳು. ಅವನು ಕನ್ನಡಕ ಹಾಕಿಕೊಂಡು ಬಗ್ಗಿದ.

ಐದು ಗಂಟೆ ಐವತ್ತೆರಡು ನಿಮಿಷ. ಬೆಳಿಗ್ಗೆ.

ಶಾದ್ಲಿ ಬಗ್ಗಿದವನು ಬಗ್ಗಿದಂತೆಯೇ ಉಳಿದ.

"ನಿಮ್ಮ ಹೆಂಡತಿ ಹೋಗಿ ಇಪ್ಪತ್ತೆರಡು ನಿಮಿಷ," ಎಂದಳು ಹಯೆತ್, ತನಗೇ ಹೇಳಿಕೊಳ್ಳುವವಳಂತೆ. "ಗಂಡನಿಗೇ ಇನ್ನೂ ಗೊತ್ತಿಲ್ಲ. ಗೊತ್ತಾಗೋಕೆ ಇನ್ನೂ ಐವತ್ತಮೂರು ನಿಮಿಷ ಇದೆ. ಇಲ್ಯಾಸ್‌ಗೆ ಗೊತ್ತು. ಅವರ ಹಾಸಿಗೆ ಪಕ್ಕ ಆಗ ಇದ್ದೋರು..."

"ನಾನಿದ್ದೆ," ಎಂದ ಶಾದ್ಲಿ.

ಅವಳು ತಲೆ ಎತ್ತಿದಳು.

"ನಾನೇ ಇದ್ದೆ ಮದಾಮ್. ನಾನೊಬ್ಬನೇ. ಮೊದಲು ಹೇಳಿದ್ದು ಸುಳ್ಳು."

"ಐದರಿಂದ ಆರೂ ಮುಕ್ಕಾಲರವರೆಗೆ ನೀವು ಈ ಕುರ್ಚಿಯಲ್ಲಿ ಕೂತು ಡಿಸ್ಕ್ ಸರಿ ಮಾಡ್ತಿದ್ರಿ. ಒತ್ತಿದ ಒಂದೊಂದು ಅಕ್ಷರಾನೂ ಈ ಯಂತ್ರ ಬರ್ದಿಟ್ಟಿರುತ್ತೆ. ತೆಗೆಸ್ಲಾ?"

"ಬರ್ಕೊಳ್ಳಿ." ಅವನು ಅವಳ ಮುಖ ನೋಡುತ್ತಿರಲಿಲ್ಲ. ಎರಡು ಕೈಯನ್ನೂ ಮೇಜಿನ ಮೇಲೆ ಚಾಚಿದ್ದ. "ಇಲ್ಯಾಸ್ ಅಂತ ಯಾರೂ ಇಲ್ಲ. ಈ ಕಾಗದ ಎಲ್ಲಾ ನಾನೇ ನನಗೆ ಬರ್ಕೊಂಡಿದ್ದು. ಮಿಕ್ಯಾಸ್ ಕೆಡಿಸಿದ್ದೂ ನಾನೇ. ಇಬ್ಬರು ಸತ್ತಿದ್ದು ನನ್ನಿಂದ."

ಒಂಬತ್ತು ದಿನ ಅವಳು ಈ ಮಾತಿಗಾಗಿ ಕಾದಿದ್ದಳು. ಬಂದಾಗ ಅದರಲ್ಲಿ ಒಂದು ಅಕ್ಷರವೂ ನಿಜವಿರಲಿಲ್ಲ. ನಿಜ ಹೇಳಿ ಜೈಲಿಗೆ ಹೋಗಲು ಸಿದ್ಧನಿದ್ದ ಮನುಷ್ಯ, ನಿರಪರಾಧಿಯೆಂದು ತೋರಿದ ಹೊತ್ತಿಗೆ ಸುಳ್ಳು ಹೇಳಲು ಶುರುಮಾಡಿದ್ದ.

ಅವನ ಮಗಳು ಈಗ ಎಲ್ಲಿದ್ದಾಳೆಂದು ಕೇಳಲು ಹಯೆತ್ ಬಾಯಿ ತೆರೆದಳು. ಬಾಗಿಲು ಅದಕ್ಕಿಂತ ಮೊದಲು ತೆರೆಯಿತು.

ಹೊಸ್ತಿಲಲ್ಲಿ ನಿರ್ದೇಶಕ ನಿಂತಿದ್ದ, ಅವನ ಹಿಂದೆ ಜರ್ರಾಯ. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಕೇಳಿಸ್ತು ಮದಾಮ್," ಎಂದ ನಿರ್ದೇಶಕ, ಸಮಾಧಾನದ ದನಿಯಲ್ಲಿ. "ನಾವಿಬ್ಬರೂ ಕೇಳಿಸ್ಕೊಂಡ್ವಿ. ಇನ್ನು ಬಂಧನದ ಕಾಗದಕ್ಕೆ ತಾರೀಖು ತುಂಬೋಕೆ ಏನು ಅಡ್ಡಿ?"

ಹಯೆತ್ ಉಳಿದ ಹಾಳೆಗಳನ್ನು ಮೇಜಿನ ಮೇಲೆ ಹಾಗೇ ಬಿಟ್ಟು, ಮಾರ್ಚ್ ಹನ್ನೊಂದರದನ್ನು ಮಾತ್ರ ನಾಲ್ಕಾಗಿ ಮಡಚಿ ಕೋಟಿನ ಒಳಜೇಬಿಗೆ ಹಾಕಿಕೊಂಡಳು. ಬಾಗಿಲಲ್ಲಿದ್ದವರಿಗೆ ಅದು ಕಾಣಲಿಲ್ಲ. ಶಾದ್ಲಿಗೆ ಕಂಡಿತು.

"ಅದು ನನ್ನ ಮನೆ ಕಾಗದ," ಎಂದ ಅವನು, ಅವಳಿಗಷ್ಟೇ ಕೇಳುವಂತೆ. "ಕೇಸಿಗೆ ಸಂಬಂಧ ಇಲ್ಲ. ವಾಪಸ್ ಕೊಡಿ ಮದಾಮ್."

ಅವಳು ಕೊಡಲಿಲ್ಲ.